ಸುರ್ಕಿ

ಬರ್ಕಾದ ಕಡಲದಂಡೆಯ ಪ್ಲಾಂಟಿನಲ್ಲಿ
ನನ್ನದು ರಾತ್ರಿ ಪಾಳಿ. ಕೆಲಸ ಇಷ್ಟೇ:
ಎರಡು ತಾಸಿಗೊಮ್ಮೆ, ಸಮುದ್ರದಿಂದ ಬಿಡಿಸಿಕೊಂಡ ನೀರನ್ನು
ಗಾಜಿನ ಬೀಕರಿನಲ್ಲಿ ಹಿಡಿದು
ಉಪ್ಪೆಷ್ಟು, ಕ್ಲೋರಿನ್ ಎಷ್ಟು ಬರೆಯುವುದು.
ರುಚಿ ನೋಡುವ ಹಾಗಿಲ್ಲ.
ನೋಡುತ್ತೇನೆ.
ಮಣ್ಣನ್ನೇ ಮುಟ್ಟದೆ ಬಂದ ನೀರು,
ಯಾರ ಊರಿನದೂ ಅಲ್ಲ.

ಆ ಶನಿವಾರ ಮುನಿರಾಬಾದಿನಿಂದ ತಮ್ಮ ಗವಿಸಿದ್ದ:
'ಅಕ್ಕಾ, ಹತ್ತೊಂಬತ್ತನೇ ಗೇಟಿನ ಚೈನು ಹರದೈತಿ.
ಗೇಟ ಕೊಚಗೊಂಡು ಹೋಗೈತಿ.'
ವಿಡಿಯೊದಲ್ಲಿ ಕತ್ತಲು. ಕತ್ತಲೊಳಗೊಂದು ಬಿಳಿ ಗೋಡೆ
ನಿಂತಲ್ಲೇ ಬೀಳುತ್ತಿತ್ತು, ಬೀಳುತ್ತಲೇ ಇತ್ತು.
ಸದ್ದು ತಗ್ಗಿಸಿದೆ.

ಆ ಕಲ್ಲುಗಳ ಸಂದಿನಲ್ಲಿ ನಮ್ಮಜ್ಜಿ ಹುಲಿಗೆವ್ವ ಇದ್ದಾಳೆ.
ಅಂದರೆ, ಅವಳ ನೆತ್ತಿ ಹೊತ್ತ ಬುಟ್ಟಿಗಳು.
ಸಿಮೆಂಟಲ್ಲ; ಸುಟ್ಟ ಇಟ್ಟಿಗೆಯ ಪುಡಿ, ಸುಣ್ಣ.
'ಸುರ್ಕಿ' ಅನ್ನುವಾಗ
ಓರಗಿತ್ತಿಯ ಹೆಸರು ಹೇಳಿದಂತಿರುತ್ತಿತ್ತು.
ಕೂಲಿ ಎಷ್ಟಿತ್ತು ಅಂದರೆ ತಲೆ ಬಗ್ಗಿಸಿ
ಕೂದಲು ಸವೆದ ಜಾಗ ತೋರಿಸುವಳು.
ಹಿನ್ನೀರಿನ ಕೆಳಗೆ ಅವಳ ತವರು.
ಅದನ್ನು ಮುಳುಗಿಸುವ ಗೋಡೆಗೆ ಗಾರೆ ಹೊತ್ತವಳೂ ಅವಳೇ.
'ಮತ್ತೇನ್ ಮಾಡೂದು, ಕೂಲಿ ಅಲ್ಲೇ ಇತ್ತು.'
ಮನೆಗೆ ಮೊದಲ ಬಲ್ಬು ಬಂದ ಸಂಜೆ
ಅದರ ಕೆಳಗೆ ಬಹಳ ಹೊತ್ತು ಕೂತಿದ್ದಳಂತೆ:
'ನಮ್ಮೂರ ನೀರು ಉರಿಯಾಕತ್ತೈತಿ ನೋಡ್ರಿ.'

ಖಲ್ಫಾನ್ ಭುಜದ ಮೇಲಿನಿಂದ ಇಣುಕಿದ.
ಅವನ ಅಜ್ಜ ನಿಜ್ವಾದ ಕಡೆ ಫಲಜ್ ಕಾಯುತ್ತಿದ್ದವನು;
ಇಂಥ ಚುಕ್ಕಿ ಬೆಟ್ಟ ದಾಟಿದರೆ ಇವನ ತೋಟಕ್ಕೆ,
ಮುಂದಿನದು ಮೂಡಿದರೆ ಅವನ ತೋಟಕ್ಕೆ,
ಕಾಲುವೆಗೆ ಕಲ್ಲಿಟ್ಟು ನೀರು ಹಂಚುತ್ತಿದ್ದ.
'ಇಷ್ಟೊಂದು! ಯಾರದು?'
ಬೆರಳು ಮಡಿಸುತ್ತ ಹೋದೆ:
ಗಂಗಾವತಿಯ ಭತ್ತ, ರಾಯಚೂರಿನ ಕೊನೆಯ ತೂಬು,
ಬಳ್ಳಾರಿಯ ನಲ್ಲಿಗಳು, ತೋರಣಗಲ್ಲಿನ ಕುಲುಮೆ,
ಆಂಧ್ರ, ತೆಲಂಗಾಣ, ಕರೆಂಟು,
ತೆಪ್ಪದಲ್ಲಿ ಬಲೆ ಬೀಸುವವರು,
ಕೆಳಗೆ ಕಂಪ್ಲಿಯಲ್ಲಿ ಈಗ
ಕಟ್ಟೆಯ ಮೇಲೆ ನಿದ್ದೆಗೆಟ್ಟು ನಿಂತಿರುವವರು.
ಕೈ ಎರಡೂ ಮುಗಿದವು.
ಅವನೆಂದ:
'ಇಷ್ಟು ಜನಕ್ಕೆ ಚುಕ್ಕಿ ಸಾಲವು.'

ಗೋಡೆಯ ಈಚೆ ಪಂಪುಗಳು ಗುಂಯ್ಯೆನ್ನುತ್ತಿದ್ದವು,
ಕಡಲನ್ನು ಜರಡಿಗೆ ಒತ್ತಿ ಒತ್ತಿ
ಒಂದು ಊರಿನ ಬೆಳಗಿನ ಚಹಾಕ್ಕೆ ಬೇಕಾದಷ್ಟು ಹಿಂಡುತ್ತ.
ಅಲ್ಲಿ, ಹರಿದ ಕೊಂಡಿಯೊಂದರಿಂದ, ಒಂದು ಬೆಳೆ ಹೋಗುತ್ತಿತ್ತು.

ಹನ್ನೆರಡರ ಸ್ಯಾಂಪಲ್ ಆ ರಾತ್ರಿ ತಡವಾಯಿತು.
ತಡಕ್ಕೆ ಕಾರಣ ಬರೆಯುವ ಖಾನೆಯಲ್ಲಿ
ಖಲ್ಫಾನ್ ಅರಬ್ಬಿಯಲ್ಲಿ ಏನೋ ಗೀಚಿದ.

ವಾರದ ಮೇಲೆ, ಹರಿಯುವ ನೀರಿಗೇ ಉಕ್ಕಿನ ಹಲಗೆ ಇಳಿಸಿ
ಬಾಯಿ ಮುಚ್ಚಿದರೆಂದು ತಮ್ಮ ತಿಳಿಸಿದಾಗ
ಪುಟ ತಿರುವಿ ಅವನಿಂದಲೇ ಓದಿಸಿದೆ:

'ಇವಳ ಅಜ್ಜಿಗೆ ಹುಷಾರಿರಲಿಲ್ಲ.'