ಆರನೇ ಕಂಬ

ಕಂಬ ಆರು. ಒಂದೊಂದರ ನೆತ್ತಿಯಲ್ಲೂ
ನಾನೂರು ವಾಟಿನ ಸೋಡಿಯಂ ದೀಪ.
ಮಗ್ರಿಬ್ ಬಾಂಗಿನ ಹೊತ್ತಿಗೆ ಸ್ವಿಚ್ಚು ಒತ್ತಿದರೆ
ಮೊದಲು ಗುಂಯ್ ಎನ್ನುವುದು, ಆಮೇಲೆ ಮಂಕು ಗುಲಾಬಿ,
ಒಂದು ಸುಲೇಮಾನಿ ಕುಡಿದು ಲೋಟ ತೊಳೆದಿಡುವಷ್ಟರಲ್ಲಿ
ಹಳದಿ.

ಫುಜೈರಾದಿಂದ ಕಲ್ಬಾಗೆ ಹೋಗುವ ದಾರಿಯಲ್ಲಿ
ಇದಿನಬ್ಬಾಕನ ಕಾರ್ ವಾಶು
ಹದಿನೇಳು ವರ್ಷ ಕಾಮಾಲೆ ಕಣ್ಣಲ್ಲೇ ಲೋಕ ನೋಡಿತು.
ಬಿಳಿ ಕ್ರೂಸರೂ ಹಳದಿ, ಬೂದಿ ಪಿಕಪ್ಪೂ ಹಳದಿ.
ಐದರ ನೋಟೋ ಹತ್ತರದೋ
ಗೂಡಿನೊಳಗೆ ಕೂತ ನಾನು
ಕಣ್ಣ ಹತ್ತಿರ ಹಿಡಿದೇ ಎಣಿಸಬೇಕು.
ಹಗಲು ನಿದ್ದೆ ನಮಗೆ. ರಾತ್ರಿಯೇ ದುಡಿಮೆ.

ಆಗಸ್ಟಿನ ಬಿಲ್ಲು ಬಂದ ದಿನ
ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು:
"ನೀರಿಗೆ ಇಷ್ಟು, ಸರಿ. ಬೆಳಕಿಗೇ ಇಷ್ಟಾ ಮಾರಾಯ?"
ದೇರಳಕಟ್ಟೆಯ ರಾಗ
ಸಿಟ್ಟು ಬಂದಾಗ ಮಾತ್ರ ಅವರ ಬಾಯಿಗೆ ಬರುತ್ತದೆ.
ಬಿಲ್ಲಿನ ಬೆನ್ನಿಗೇ ಗುಣಿಸಿ ತೋರಿಸಿದೆ.
ಆರು ನಾಲ್ಕಲ ಇಪ್ಪತ್ತನಾಲ್ಕು, ಮುಂದೆ ಎರಡು ಸೊನ್ನೆ.
ಎಲ್‌ಇಡಿಯಾದರೆ ಏಳುನೂರ ಇಪ್ಪತ್ತು, ಅಷ್ಟೇ.

"ಬಿಳಿ ಕೊಡಲೋ, ಬೆಚ್ಚಗಿನ ಬಣ್ಣದ್ದು ಕೊಡಲೋ?"
ಅಂಗಡಿ ಹುಡುಗ ಕೇಳಿದ.
"ಬಿಳಿ. ತೊಳೆದದ್ದು ತೊಳೆದ ಹಾಗೆ ಕಾಣಬೇಕು."

ನಿಜಾಮಾಬಾದಿನ ಲಿಂಬಾದ್ರಿ ಏಣಿ ಹತ್ತಿದ.
ಕಡಲ ಉಪ್ಪುಗಾಳಿ ತಿಂದ ಬೋಲ್ಟುಗಳು
ಐದು ಕಂಬದಲ್ಲಿ ಕಿರುಚಿ ಕಿರುಚಿ ಬಿಟ್ಟುಕೊಟ್ಟವು.
ಹಿಂದುಗಡೆ, ಹುಡುಗರು ಕೂತು ಉಣ್ಣುವಲ್ಲಿಯ ಆರನೆಯದು
ತುಕ್ಕಾಗಿ, ಕಂಬವೇ ಆಗಿ, ಕೂತಿತ್ತು.
"ಗ್ರೈಂಡರ್ ಬೇಕು ಇದಕ್ಕೆ. ನಾಳೆ ಬರ್ತೀನಿ."

ಆ ಸಂಜೆ ಟಪ್ಪೆಂದು ಬಂತು ಬೆಳಕು.
ಕಾಯಿಸಲಿಲ್ಲ, ಕೆಮ್ಮಲಿಲ್ಲ.
ನಾವೆಲ್ಲ ಸಿಕ್ಕಿಬಿದ್ದವರ ಹಾಗೆ ಕಣ್ಣು ಕಿರಿದು ಮಾಡಿ ನಿಂತೆವು.

ಮೀನಿನ ಪಿಕಪ್ಪಿನ ಖಲ್ಫಾನ್
ಹದಿನೈದು ದಿರಮು ಕೊಟ್ಟು ಹೊರಟವನು ಇಳಿದ.
ಗಾಡಿಯ ಸುತ್ತ ಒಂದು ಸುತ್ತು ಬಂದ, ಬೆರಳು ಚಾಚಿ:
"ಹಾದಾ?"
ಮೋಕ್ಲೆಸ್ ಒರೆಸಿದ.
"ಹಾದಾ?"
ಮತ್ತೆ ಒರೆಸಿದ.
ಬಾಗಿಲ ಸಂದಿಯ ಬಿಳಿ ಕಲೆ, ಚಕ್ರದ ಕರಿ,
ಗಾಜಿನ ಮೇಲೆ ಸೋಪು ಒಣಗಿದ ಮೂರು ಗೆರೆ,
ಎಲ್ಲ ನಿನ್ನೆಯೂ ಇದ್ದವೇ.
ಹದಿನೈದು ನಿಮಿಷದ ಗಾಡಿಗೆ ಅಂದಿನಿಂದ ಇಪ್ಪತ್ತೈದು.
ಕಂಬ ತಿನ್ನುವುದು ಕಮ್ಮಿಯಾಯಿತು,
ತೋಳು ತೆರುವುದು ಜಾಸ್ತಿ.
ಈ ಲೆಕ್ಕ ನಾನು ಬಿಲ್ಲಿನ ಬೆನ್ನಿಗೆ ಬರೆದಿರಲಿಲ್ಲ.

ಗೂಡಿನ ಕಿಂಡಿಯೊಳಗೆ ಮೋಕ್ಲೆಸ್ ನೋಟು ಚಾಚಿದ.
ಮೂರು ವರ್ಷದಿಂದ ಅದೇ ಕೈಯಿಂದ
ಒದ್ದೆ ನೋಟು ತಕ್ಕೊಂಡಿದ್ದೇನೆ.
ಬೆರಳ ಸಂದಿಯಲ್ಲಿ ಬಿರಿದ ಚರ್ಮ, ಒಳಗಿನ ಕೆಂಪು,
ಉಗುರ ಬುಡದಲ್ಲಿ ಸೋಪು ಕೊರೆದ ಬಿಳಿ ಗುಳಿ.
"ಚಿಲ್ಲರೆ ಉಂಟಾ?" ಎಂದ.
ಉಂಟು ಎಂದೆ, ಡಬ್ಬದಲ್ಲಿ ಸುಮ್ಮನೆ ಹುಡುಕಿದೆ.

ಇದಿನಬ್ಬಾಕ ಪಕ್ಕದಲ್ಲೇ ನಿಂತಿದ್ದರು, ಮಾತಾಡಲಿಲ್ಲ.
ಮರುದಿನ ಖರ್ಚಿನ ಪುಸ್ತಕದಲ್ಲಿ ಅವರದೇ ಓರೆ ಅಕ್ಷರ:
ರಬ್ಬರ್ ಕೈಗವಸು, ಎರಡು ಡಜನ್.
ಮೋಕ್ಲೆಸ್ ಎರಡು ದಿನ ಹಾಕಿದ.
ಆಮೇಲೆ ಅವು ನಲ್ಲಿಯ ಮೇಲೆ ನೇತಾಡಿದವು.
"ಕಲೆ ಕೈಗೆ ತಾಗುವುದಿಲ್ಲ ಸೇಟ್, ಇದನ್ನು ಹಾಕಿದರೆ."

ಈಗ ನಡುರಾತ್ರಿ ದಾಟಿ ಒಂದೂವರೆಗೆ
ಆರನೇ ಕಂಬದ ಕೆಳಗೆ ಹಾಳೆ ಹಾಸಿ ಕೂರುತ್ತೇವೆ.
ಮೊದಲು ಗೂಡಿನಲ್ಲೇ ಉಣ್ಣುತ್ತಿದ್ದ ನಾನೂ.
ಊರಿನ ಹಲ್ಲಿಗಳೆಲ್ಲ ಆ ಕಂಬಕ್ಕೇ ಬಂದು ಸೇರಿವೆ.
ಸಾರು ಕೆಂಪೋ ಕರಿಯೋ ಆ ಹಳದಿಯಲ್ಲಿ ತಿಳಿಯದು,
ತಟ್ಟೆಗೆ ಬರುವ ಕೈ ಯಾರದೋ ತಿಳಿಯದು.
ದೂರ ಕಡಲಲ್ಲಿ ಎಣ್ಣೆಗೆ ಕಾದ ಹಡಗುಗಳು
ಲಂಗರು ಬಿಟ್ಟು ಮಿಣುಕುತ್ತವೆ.

ಬಿಲ್ಲು ಬಂತು. ಇಳಿದಿದೆ,
ನಾನು ಹೇಳಿದ್ದಕ್ಕಿಂತ ಒಂದು ದೀಪದಷ್ಟು ಮೇಲೆ.
"ಅದನ್ನು ಯಾವಾಗ ಕೀಳುವುದು?" ಕೇಳಿದರು.
ಲಿಂಬಾದ್ರಿ ಫೋನು ಎತ್ತುತ್ತಿಲ್ಲ ಎಂದೆ.

ನಾನು ಮಾಡಿಯೇ ಇರಲಿಲ್ಲ.