ಇನ್ನೂರ ಹದಿನೇಳನೆಯ ಕೊಕ್ಕೆ

ಮೂವತ್ತೊಂದು ಚಳಿಗಾಲ ಈ ರಂಗಮಂದಿರದಲ್ಲಿ ಕಳೆದಿದ್ದೇನೆ.
ಬ್ಯಾಲೆ ನೋಡಿದ್ದು ಒಂದೂವರೆ ಸಲ.

ಅರ್ಧ ಯಾಕೆಂದರೆ, ಅವತ್ತು ನಡುವೆಯೇ ಕರೆ ಬಂತು:
ಯಾರದೋ ನರಿತುಪ್ಪಳದ ಕೊರಳುಪಟ್ಟಿ ಕಳೆದಿದೆಯಂತೆ.
ಕಳೆದಿರಲಿಲ್ಲ. ಕೋಟಿನ ತೋಳೊಳಗೆ ನುಸುಳಿ ಮಲಗಿತ್ತು.

ನನ್ನ ಜಾಗ ಕೆಳಗೆ, ಮೆಟ್ಟಿಲ ಬುಡದಲ್ಲಿ.
ಉದ್ದನೆಯ ಮರದ ಕಟ್ಟೆ, ಅದರಾಚೆ ಕೊಕ್ಕೆಗಳ ಕಾಡು.
ಪೆರ್ಮ್ ಊರಿನ ಹಿಮವೆಲ್ಲ ಮೊದಲು ನನ್ನ ಕೈಗೆ ಬಂದು
ಆಮೇಲೆ ನೆಲಕ್ಕೆ ತೊಟ್ಟಿಕ್ಕುತ್ತದೆ.
ಒದ್ದೆ ಉಣ್ಣೆ, ನುಸಿಗುಳಿಗೆ, ತಂಬಾಕು,
ಜೇಬಲ್ಲಿ ಮರೆತ ಕಿತ್ತಳೆಸಿಪ್ಪೆ:
ಕಣ್ಣು ಮುಚ್ಚಿ ಹೇಳಬಲ್ಲೆ ಯಾರು ಗಂಡನ ಜೊತೆ ಬಂದವಳು,
ಯಾರು ಗಂಡನ ಕೋಟಿನ ಜೊತೆ.

ಏಳಕ್ಕೆ ಬಾಗಿಲು ಮುಚ್ಚಿತೆಂದರೆ
ಮೇಲಿನದೆಲ್ಲ ನನಗೆ ಸೂರಿನಿಂದ ಸೋರುವ ಸಂಗತಿ.
ಮೊದಲು ಪಿಟೀಲುಗಳು ಗಂಟಲು ಸರಿಮಾಡಿಕೊಳ್ಳುತ್ತವೆ.
ಆಮೇಲೆ ಪಾದಗಳು.
ನೋಡಿದವರು ಹೇಳುತ್ತಾರೆ: ಗರಿ, ಮಂಜು, ಉಸಿರು.
ಕೆಳಗೆ ಬಂದು ಕೇಳಿ.
ಇಪ್ಪತ್ತನಾಲ್ಕು ಹುಡುಗಿಯರು,
ಲಾಯದಲ್ಲಿ ಬೆದರಿದ ಮರಿಕುದುರೆಗಳ ಹಾಗೆ!
ಹಗುರವೆನ್ನುವುದು ಎಷ್ಟು ಭಾರದ ಕೆಲಸವೆಂದು
ನನಗೂ ನನ್ನ ತಲೆಯ ಮೇಲಿನ ಗಾರೆಗೂ ಗೊತ್ತು.

ಎರಡನೆಯ ಅಂಕಕ್ಕೆ ಸೂಜಿ ತೆಗೆಯುತ್ತೇನೆ.
ನಮ್ಮಲ್ಲಿ ನಾಲ್ಕು ಸಾಲು ಪದ್ಯ ಬಾಯಿಗೆ ಬಾರದವರಿಲ್ಲ,
ಕೋಟಿನ ಕುಣಿಕೆ ನೆಟ್ಟಗಿರುವವರೂ ಇಲ್ಲ.
ದಂತವೈದ್ಯೆ, ಭೂಗರ್ಭಶಾಸ್ತ್ರಿ, ಕಾರ್ಖಾನೆಯ ಮೇಸ್ತ್ರಿ,
ಎಲ್ಲರದೂ ಹರಿದದ್ದೇ.
ಬೈಯುವುದು ನನ್ನ ಹಕ್ಕು. ಬೈದು, ಹೊಲಿದಿಡುತ್ತೇನೆ.

ಹಾಗೆ ಸಿಕ್ಕಿದ್ದು ಇನ್ನೂರ ಹದಿನೇಳರ ಕೋಟು.
ವೆನಿಯಮಿನ್ ಪ್ಲಾತೋನವಿಚ್, ಹಡಗು ಕಚೇರಿಯ ಲೆಕ್ಕಿಗ,
ಗುರುವಾರ ತಪ್ಪಿಸದವನು.
ಅಸ್ತರಿನೊಳಗೆ ಏನೋ ಸರಸರ ಎಂದಿತು.
ಎದೆ ಧಸಕ್ಕೆಂದಿತು. ಆ ಕಾಲ ಹಾಗಿತ್ತು.
ಬಿಚ್ಚಿದೆ. ಟೈಪು ಮಾಡಿದ ತೆಳು ಹಾಳೆಗಳು,
ಐದನೆಯ ಪ್ರತಿಯಿರಬೇಕು, ಅಕ್ಷರವೆಲ್ಲ ಬೂದಿ.
ನಿಷೇಧದ್ದಲ್ಲ. ಚಿತ್ರಕಥೆ!
ಮೂರು ಸಲ ವಾಪಸು ಬಂದ ಮುದ್ರೆಗಳಿದ್ದವು ಮೂಲೆಯಲ್ಲಿ.

ವಾರಕ್ಕೊಂದು ಹಾಳೆ ಓದಿ, ಮತ್ತೆ ಹೊಲಿದೆ.

ಯುದ್ಧದ ವರ್ಷ. ಹೆಪ್ಪುಗಟ್ಟಿದ ಕಾಮಾ ನದಿ.
ಇಬ್ಬರು ಹೆಂಗಸರು ಜಾರುಬಂಡಿಯ ಮೇಲೆ
ಪಿಯಾನೊ ಎಳೆಯುತ್ತಿದ್ದಾರೆ, ಆಚೆ ದಡದ ಆಸ್ಪತ್ರೆಗೆ.
ಯಾಕೆಂದು ಇಬ್ಬರೂ ಕೇಳುವುದಿಲ್ಲ.
ದೂರದ ನೋಟ: ಎರಡು ಚುಕ್ಕೆ, ಒಂದು ಕಪ್ಪು ಪೆಟ್ಟಿಗೆ.
ಹತ್ತಿರದ ನೋಟ: ಕೈಗವಸಿನ ತೂತಿನಲ್ಲಿ ಒಂದು ಬೆರಳು.
ಸಂಗೀತವೆಂದು ಬರೆದ ಕಡೆಯೆಲ್ಲ
ಮೇಲಿನ ವಾದ್ಯಗಾರರು ಪುಕ್ಕಟೆ ನುಡಿಸಿದರು.
ಯಾರೂ ತೆಗೆಯದ ಸಿನಿಮಾವನ್ನು
ಒದ್ದೆ ಕೋಟುಗಳ ಕತ್ತಲಲ್ಲಿ ಕೂತು
ನಾನೊಬ್ಬಳು ನೋಡಿದೆ.

ನಲವತ್ತೊಂದನೆಯ ದೃಶ್ಯ.
ನಡುನದಿಯಲ್ಲಿ ಎಲ್ಲೋ ಒಂದು ಸ್ವರ ಕೇಳುತ್ತದೆ.
ಪಿಯಾನೊ ಅಲ್ಲ.
ಹಿರಿಯವಳು ಮಂಡಿಯೂರಿ ಮಂಜುಗಡ್ಡೆಗೆ ಕಿವಿಯಿಡುತ್ತಾಳೆ.

ಹಾಳೆ ಮುಗಿಯಿತು. ಮರುವಾರ ವಸಂತ.
ಊರೆಲ್ಲ ಸೂರ್ಯನನ್ನು ಹೊಗಳಿತು; ನಾನು ಶಪಿಸಿದೆ.
ಅವನು ಬರಿಯ ಅಂಗಿಯಲ್ಲಿ ಬಂದು, ನಕ್ಕು, ಮೇಲೆ ಹೋದ.

ನವೆಂಬರಿನಲ್ಲಿ ಹೊಸ ಕೋಟು.
"ಹಳೆಯದು?" ಎಂದೆ, ಟೋಕನ್ನು ಹಿಡಿದುಕೊಂಡೇ.
"ಅಳಿಯನಿಗೆ ಕೊಟ್ಟೆ, ತೈಸಿಯಾ ಯೆರ್ಮೊಲಾಯೆವ್ನಾ. ಉತ್ತರದ ಗಣಿಯಲ್ಲಿದ್ದಾನೆ."
ಸ್ವಲ್ಪ ತಡೆದು, "ಹೊಲಿಗೆ ಗಟ್ಟಿಯಿತ್ತು" ಎಂದ.
ಕೊನೆ ಏನಾಯಿತೆಂದು ಕೇಳಬಹುದಿತ್ತು.
ಹಿಂದೆ ಸಾಲು ಉದ್ದವಿತ್ತು.

ಈಗಲೂ ಎರಡನೆಯ ಅಂಕದಲ್ಲಿ ಅವರಿಬ್ಬರೂ ನಡುನದಿಯಲ್ಲೇ ಇರುತ್ತಾರೆ.
ಮೇಲೆ ಚೆನ್ನಾಗಿ ನುಡಿಸಿದ ರಾತ್ರಿ ದಾಟಿಸುತ್ತೇನೆ.
ನಿರ್ವಾಹಕನಿಗೆ ನೆಗಡಿಯಾಗಿ ಬದಲಿಯವನು ಬಂದಿದ್ದರೆ
ಪಿಯಾನೊ ಮುಳುಗಲೆಂದು ಬಿಡುತ್ತೇನೆ;
ಹೆಂಗಸರು ಹಗ್ಗ ಕೈಬಿಟ್ಟು, ಏನೂ ಮಾತಾಡದೆ,
ಮನೆಯ ಕಡೆ ತಿರುಗುತ್ತಾರೆ.

ಚಪ್ಪಾಳೆ. ಗಾರೆಯ ಪುಡಿ ಉದುರಿತು.
ಇನ್ನು ಮೆಟ್ಟಿಲಿಳಿದು ನುಗ್ಗುತ್ತಾರೆ, ಹಂಸ ನೋಡಿ ಬಂದವರು ತೋಳಗಳ ಹಾಗೆ.
ತಳ್ಳಬೇಡಿ. ನಂಬರು ಹೇಳಿ.