ಎಂಟು ಗೂಡಿನ ಎಳೆ

ಪಾಪಿರೆಡ್ಡಿಯವರು ಕನ್ನಡಕ ಹಣೆಗೇರಿಸಿ ಕೇಳಿದರು:
"ಸರಾಸರಿ ಬಳಕೆ ನೂರಕ್ಕೆ ಆರು ಅಂತ ನೀವೇ ಬರೆದಿದ್ದೀರಿ.
ಮಿಕ್ಕ ತೊಂಬತ್ನಾಲ್ಕು ಯಾರ ಮದುವೆಗೆ?"

ಉತ್ತರ ಇತ್ತು. ಬಾಯಿಗೆ ಬರಲಿಲ್ಲ.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹಿಂದೆ
ಇನ್ನೂ ಬಣ್ಣದ ವಾಸನೆ ಹೋಗದ ಕೋಣೆ.
ಹನ್ನೆರಡು ಸರ್ವರು ಬರಲಿವೆ;
ಈಗಿರುವುದು ನೆಲದ ಮೇಲೆ ನಾನೆಳೆದ ಸೀಮೆಸುಣ್ಣದ ಚೌಕಗಳು.
ಒಂದೊಂದರೊಳಗೆ ನಲವತ್ತು ವರ್ಚುವಲ್ ಯಂತ್ರ ಸಂಸಾರ ಹೂಡುತ್ತವೆ,
ಒಂದೊಂದಕ್ಕೂ ಇಡೀ ಮನೆ ತನ್ನದೇ ಎಂಬ ನಂಬಿಕೆ,
ಬಾಗಿಲಿಗೆ ಬಂದ ತಂತಿ ತನ್ನೊಂದಕ್ಕೇ ಎಂಬ ಬಿಗುಮಾನ.
ಆ ನಂಬಿಕೆ ಮುರಿಯದ ಹಾಗೆ ನೋಡಿಕೊಳ್ಳಲು
ನನಗೆ ಸಂಬಳ.

ಸರಾಸರಿ ಸುಳ್ಳು ಹೇಳುವುದಿಲ್ಲ,
ಬೇಕಾದ ಹೊತ್ತಿಗೆ ಊರಲ್ಲಿರುವುದಿಲ್ಲ, ಅಷ್ಟೆ.
ಹನ್ನೊಂದಕ್ಕೆ ಹರಾಜು ಶುರುವಾದರೆ
ಸಾವಿರ ಮೊಬೈಲಿನಿಂದ ಒಂದೇ ಉಸಿರಿಗೆ ಬೆಲೆ ಏರುತ್ತದೆ,
ಒಂದು ರೂಪಾಯಿ ಮೇಲೆ, ಎರಡು ಮೇಲೆ, ಇನ್ನರ್ಧ.
ಆ ಮಾತು ಚಿಕ್ಕದು, ಸಾಸಿವೆಯಷ್ಟು.
ದೊಡ್ಡದು, ಅದೇ ಗಳಿಗೆಗೆ ಯಾರೋ ಒತ್ತಿಬಿಟ್ಟ ಬ್ಯಾಕಪ್ಪು:
ಸಾಸಿವೆ ಹೊತ್ತವಳ ಮುಂದೆ
ಓಣಿ ತುಂಬ ಹುಲ್ಲಿನ ಲಾರಿ.
ಲಾಟು ಕೈತಪ್ಪಿ ಹೋದವನಿಗೆ
ನೂರಕ್ಕೆ ಆರು ಅಂತ ನಾನು ಹೇಗೆ ಹೇಳಲಿ?

ಊಟದ ಹೊತ್ತಿಗೆ ಹೊರಬಿದ್ದೆ.
ಬಾಬಾಜಾನ್ ಸಾಬರ ಫಿಲೇಚರಿನ ಬಾಗಿಲು ತೆರೆದಿತ್ತು.
ಬೆಂದ ಹುಳುವಿನ ವಾಸನೆ;
ಈ ಬೀದಿಯಲ್ಲಿ ಅದಕ್ಕೆ ಯಾರೂ ಮೂಗು ಮುಚ್ಚುವುದಿಲ್ಲ.
ಬಿಸಿನೀರಿನ ತೊಟ್ಟಿಯಲ್ಲಿ ಗೂಡುಗಳು ಕುಣಿಯುತ್ತಿದ್ದವು,
ನೆಂದು ನೆಂದು ಬಿಳಿಚಿದ ಮುನಿರತ್ನಮ್ಮನ ಬೆರಳು
ಎಂಟರ ಎಳೆ ಹಿಡಿದು ಒಂದೇ ನೂಲಿಗೆ ಬಿಡುತ್ತಿತ್ತು.
ಒಂದು ಗೂಡು ಮುಗಿಯಿತು.
ನೂಲು ನಿಲ್ಲಲಿಲ್ಲ, ಅವಳಿಗೆ ಮಾತ್ರ ಕಾಣುವಷ್ಟು ತೆಳುವಾಯಿತು,
ಅಷ್ಟರಲ್ಲಿ ಇನ್ನೊಂದರ ತುದಿ ಎಸೆದಳು,
ಓಡುವ ನೂಲಿಗೆ ಅದು ತಾನಾಗಿ ಅಂಟಿ ಹೊರಟೇಹೋಯಿತು.

"ಎಂಟು ಯಾಕಮ್ಮ, ಆರು ಸಾಲದಾ?"
"ಆರಾದ್ರೆ ನೇಯೋರು ಬೈತಾರೆ. ಹತ್ತಾದ್ರೆ ಸಾಬ್ರು ಬೈತಾರೆ."
ತೊಟ್ಟಿಯ ಪಕ್ಕ ಬೇಯಿಸಿದ ಗೂಡು ಒಂದು ಬಟ್ಟಲು
ಸುಮ್ಮನೆ ಕೂತಿತ್ತು.
"ಮತ್ತೆ ಇವು?"
"ಅವು ಇರ್ಬೇಕು."

ಮರಳಿ ಬಂದು ಹಾಳೆ ಹರಡಿದೆ.
ಸರ್ವರಿಗೆ ಎರಡು ತಂತಿ, ಇಪ್ಪತ್ತೈದು ಗಿಗಾಬಿಟ್ಟಿನವು,
ಒಂದು ಈ ಸ್ವಿಚ್ಚಿಗೆ, ಒಂದು ಆ ಸ್ವಿಚ್ಚಿಗೆ;
ಕಡಿದರೆ ತೆಳುವಾಗಲಿ, ನಿಲ್ಲದಿರಲಿ.
ಕೆಳಗೆ ಕೂಡಿದರೆ ಆರುನೂರು, ಮೇಲಕ್ಕೆ ಹೋಗುವುದು ಇನ್ನೂರು:
ಮೂವರಿಗೆ ಒಂದು ಚಾಪೆ.
ಮೂವರಿಗೂ ಒಟ್ಟಿಗೆ ನಿದ್ದೆ ಬರುವ ರಾತ್ರಿ ಬಾರದೆಂಬ ಜೂಜು;
ಜೂಜು ಅಂತ ಬರೆಯಲು ಫಾರಮ್ಮಿನಲ್ಲಿ ಕಾಲಂ ಇಲ್ಲ.
ಬ್ಯಾಕಪ್ಪಿಗೆ ರಾತ್ರಿ ಎರಡು ಗಂಟೆ, ಜೊತೆಗೊಂದು ಮೂಗುದಾರ.
ಸರ್ವರೊಂದನ್ನು ರಿಪೇರಿಗೆ ಖಾಲಿ ಮಾಡುವ ದಿನ
ನಲವತ್ತು ಸಂಸಾರ,
ತಲೆಗೆ ಎಂಟೆಂಟು ಗಿಗಾಬೈಟು ನೆನಪು ಹೊತ್ತು,
ಒಲೆ ಆರಿಸದೆ ಪಕ್ಕದ ಮನೆಗೆ ನಡೆಯಬೇಕು.
ಹತ್ತರ ತಂತಿಯಲ್ಲಿ ನಾಲ್ಕು ನಿಮಿಷ ದಾಟುತ್ತದೆ.
ಇಪ್ಪತ್ತೈದರಲ್ಲಿ ಎರಡು ತುಂಬುವುದಿಲ್ಲ.
ಎರಡರಲ್ಲಿ ಹಾಲು ಉಕ್ಕದು ಅಂತ
ಮನೆಗೆ ಫೋನು ಮಾಡಿ ಕೇಳಿ ಖಾತ್ರಿ ಮಾಡಿಕೊಂಡೆ.
"ಯಾವ ಒಲೆ?" ಅಂದರು.

ಸಂಜೆ ಪಾಪಿರೆಡ್ಡಿಯವರ ಬೆರಳು
ಸಾಲು ಸಾಲು ಇಳಿದು ಕೊನೆಯಲ್ಲಿ ನಿಂತಿತು.
"ಹೆಚ್ಚುವರಿ ಕೇಬಲ್ ನಾಲ್ಕು ಜೊತೆ. ಇವು?"
"ಅವು ಇರಬೇಕು ಸಾರ್."
ಬರೆದುಕೊಳ್ಳಲು ಇನ್ನೊಂದು ಮಾತು ಬೇಕಿತ್ತು ಅವರಿಗೆ,
ಪೆನ್ನು ಎತ್ತಿ ಹಿಡಿದು ಕಾದರು.
ನನ್ನ ಅಂಗಿಯಿಂದ ಬೆಂದ ಹುಳುವಿನ ವಾಸನೆ ಬರುತ್ತಿತ್ತು.
"ಫಿಲೇಚರಿಗೆ ಹೋಗಿದ್ದಿರಾ?" ಅಂದರು,
ನಾಲ್ಕನ್ನು ಹೊಡೆದರು, ಎರಡು ಮಾಡಿದರು,
ಸಹಿ ಹಾಕಿದರು.